ಅಪ್ಪನ ಜೀಪಿಗೆ ನಾಲ್ಕನೇ ಟೈರು

ಅವತ್ತು ಬೆಳಿಗ್ಗೆ ಗಾಡಿ ರಿಪೇರಿ ಮೇಸ್ತ್ರಿಯ ಹೆಂಡತಿ ನಮ್ಮ ಮನೆಗೆ ಬಂದಾಗ, ಮಗುವನ್ನು ಎತ್ತಿಕೊಂಡ ಹಾಗೆ ಸೊಂಟದ ಮೇಲೊಂದು ಗೋಣಿಚೀಲ ಎತ್ತಿಕೊಂಡಿದ್ದರು. ಹೊಸ್ತಿಲ ಒಳಗೆ ಅದನ್ನು ಇಳಿಸಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದಾಯಿತು. ಚೀಲದ ಬಾಯಿಂದ ಸ್ಪ್ಯಾನರುಗಳು ಇಣುಕುತ್ತಿದ್ದವು, ಹಿಡಿದು ಹಿಡಿದು ಬೆಳ್ಳಿಯ ಹಾಗೆ ನುಣುಪಾದವು.

"ಇವನ್ನ ನೀವೇ ಇಟ್ಕೊಳ್ಳಿ ತಾಯಿ. ನಮ್ಮನೇಲಿದ್ರೆ ಯಜಮಾನ್ರು ಬಾವಿಗೆ ಎಸೀತೀನಿ ಅಂತಿದಾರೆ," ಎಂದರು ಅವರು.

ದೊಡ್ಡಮ್ಮ ಓದುತ್ತಿದ್ದ ಪೇಪರನ್ನು ಮಡಚಿದಳು. "ಕೂತ್ಕೊಳ್ಳಿ ಅಕ್ಕ. ಮೊದಲು ಉಸಿರು ತಗೊಳ್ಳಿ."

"ಉಸಿರು ತಗೊಳ್ಳೋಕೆ ಟೈಮಿಲ್ಲ. ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋಗಿ ಸಹಿ ಹಾಕ್ತಾರಂತೆ. ನಟ್ಟು ಬಿಗಿ ಮಾಡೋದು ಮರೆತೆ, ತಪ್ಪು ನಂದೇ ಅಂತ. ನಲವತ್ತು ವರ್ಷದಲ್ಲಿ ಒಂದು ನಟ್ಟು ಮರೆತೋರಲ್ಲ. ಈ ವಯಸ್ಸಲ್ಲಿ ಒಳಗೆ ಹಾಕಿದ್ರೆ ವಾಪಸ್ ಬರ್ತಾರಾ ಹೇಳಿ? ನಾಲ್ಕು ದಿನದಿಂದ ಬಾಯಿಗೆ ನೀರು ಬಿಟ್ರೆ ಬೇರೇನೂ ಹಾಕಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತವ್ರೆ."

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಬಸ್ ಡಿಪೋದ ಟೈರ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ರಿಟೈರ್ ಆದವಳು. ಸತ್ತ ಟೈರನ್ನು ಮುಟ್ಟಿ ನೋಡಿ, ಆ ಬಸ್ಸಿನ ಡ್ರೈವರ್ ಬ್ರೇಕನ್ನು ಯಾವ ಮೂಡಿನಲ್ಲಿ ತುಳಿಯುತ್ತಾನೆ ಎಂದು ಹೇಳುತ್ತಿದ್ದಳಂತೆ. ಆ ಅಭ್ಯಾಸ ಟೈರಿನಿಂದ ಮನುಷ್ಯರಿಗೂ ಹಬ್ಬಿತು. ಹಾಲಿನ ಡೈರಿಯ ಬೀಗದ ಪ್ರಕರಣ ಬಿಡಿಸಿದ ಮೇಲಂತೂ ನಮ್ಮ ಬೀದಿಯವರು ಪೊಲೀಸರಿಗಿಂತ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದರು. ನಾನು ಅವಳ ಜೊತೆಗಾತಿ, ಅವಳು ಹೇಳಿದ್ದನ್ನು ಬರೆದಿಡುವವಳು. ಅಜ್ಜಿಯ ಮಡಿಲಲ್ಲಿ ಕತೆ ಕೇಳಿ ಬೆಳೆದ ನನಗೆ ಕಣ್ಣೆದುರಿನದಕ್ಕಿಂತ ಮೋಡದಾಚೆಯದೇ ಹೆಚ್ಚು ಕಾಣುತ್ತದೆ ಎಂಬುದು ಅವಳ ದೂರು. ಅದಕ್ಕೇ ನನ್ನನ್ನು 'ಅಜ್ಜಿಮರಿ' ಎಂದು ಕರೆಯುತ್ತಿದ್ದಳು.

ನಡೆದದ್ದು ಇಷ್ಟು. ನಾಲ್ಕು ದಿನದ ಹಿಂದೆ, ಬೆಟ್ಟದ ಮೇಲಿನ ಕಲ್ಲುಗಣಿ ಕೇರಿಗೆ ಔಷಧಿ ಪೆಟ್ಟಿಗೆ ಹೊತ್ತು ಹೊರಟಿದ್ದ ಒಂದು ಹಳೆಯ ಜೀಪಿನ ಮುಂದಿನ ಎಡ ಚಕ್ರ ಕಳಚಿಹೋಯಿತು. ಜೀಪು ತಿರುವಿನಲ್ಲಿ ಮಗುಚಿತು. ಅದನ್ನು ಓಡಿಸುತ್ತಿದ್ದವನಿಗೆ ತಲೆಗೆ ಪೆಟ್ಟು ಬಿದ್ದು ಇನ್ನೂ ಎಚ್ಚರವಾಗಿಲ್ಲ. ಹಿಂದಿನ ದಿನವಷ್ಟೇ ಆ ಜೀಪಿಗೆ ನಾಲ್ಕೂ ಹೊಸ ಟೈರು ಹಾಕಿದವರು ಮೇಸ್ತ್ರಿ.

ಆ ಟೈರುಗಳನ್ನು ಆರಿಸಿಕೊಟ್ಟವಳು ದೊಡ್ಡಮ್ಮ.

ಅದಾಗಿದ್ದು ಮೂರು ವಾರದ ಹಿಂದೆ. ಜೀಪಿನವನು, ಅವನನ್ನು ಎಲ್ಲರೂ 'ತಮ್ಮ' ಎನ್ನುತ್ತಿದ್ದರು, ಗಾಡಿಯನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ್ದ. ಅವನ ಅಪ್ಪನ ಕಾಲದ ಜೀಪು ಅದು. ಅಪ್ಪ ಹೋದ ಮೇಲೆ ಇವನೇ ಅದರ ಮಗ, ಇವನೇ ಅದರ ತಾಯಿ. "ಹಲ್ಲು ಇನ್ನೂ ಚೆನ್ನಾಗಿದೆ ದೊಡ್ಡಮ್ಮ, ಇನ್ನೊಂದು ವರ್ಷ ಬರುತ್ತೆ ಅಲ್ವಾ?" ಎಂದು ಆಸೆಯಿಂದ ಕೇಳಿದ. ದೊಡ್ಡಮ್ಮ ಟೈರಿನ ಪಕ್ಕೆಗೆ ಹೆಬ್ಬೆರಳಿನ ಉಗುರು ಒತ್ತಿದಳು. ಸಣ್ಣ ಸಣ್ಣ ಬಿರುಕುಗಳು ಬಾಯಿ ಬಿಟ್ಟವು.

"ಹಲ್ಲು ನೋಡ್ಬೇಡ, ಚರ್ಮ ನೋಡು. ಇದು ಟೈರಲ್ಲ ಕಣಪ್ಪ, ಒಣಗಿದ ಮರದ ತೊಗಟೆ. ಬೆಟ್ಟದ ದಾರೀಲಿ ಒಡೆದ್ರೆ ನಿನ್ನನ್ನ ಹುಡುಕೋಕೆ ಬುಟ್ಟಿ ಬೇಕಾಗುತ್ತೆ."

ಅಜ್ಜಿಯ ಕತೆಗಳಲ್ಲಿ ರಾಜಕುಮಾರನ ಮುಂದೆ ಮೂರು ಪೆಟ್ಟಿಗೆ ಇಡುತ್ತಾರಲ್ಲ, ಹಾಗೆ ತಮ್ಮನ ಮುಂದೆಯೂ ಮೂರು ಬಗೆಯ ಟೈರು ಬಂದವು. ಮೊದಲನೆಯದು ಅವನ ಸ್ವಂತ ಅಣ್ಣ ಹೇಳಿ ಕಳಿಸಿದ್ದು. ಅಣ್ಣನಿಗೆ ಹೆದ್ದಾರಿಯಲ್ಲಿ ಗಾಜಿನ ಟೈರ್ ಶೋರೂಮು. ಅಗಲವಾದ, ಕಪ್ಪಗೆ ಮಿನುಗುವ ಟೈರುಗಳು. ಸುಮ್ಮನೆ ಕೊಡುತ್ತೇನೆ ಎಂದಿದ್ದ. ಆದರೆ ಅಣ್ಣ ತಮ್ಮಂದಿರಿಗೆ ಎಂಟು ತಿಂಗಳಿಂದ ಮಾತಿರಲಿಲ್ಲ. ಅಪ್ಪನ ಜೀಪನ್ನು ಗುಜರಿಗೆ ಹಾಕು ಎಂದು ಅಣ್ಣ ಒಮ್ಮೆ ಅಂದದ್ದೇ ಕಾರಣ. ಎರಡನೆಯದು ಹಳೆಗಾಡಿ ಸಾಹುಕಾರನದು. ಹಳೆಯ ಗಾಡಿಗಳನ್ನು ಕೊಂಡು ತಾನೇ ಬಿಚ್ಚಿ, ತಾನೇ ಜೋಡಿಸಿ, ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುವವನು. ಅವನ ಟೈರುಗಳ ಮೇಲೆ ಕಾಗದ ಕೂಡ ಕಿತ್ತಿರಲಿಲ್ಲ. ಮೂರನೆಯದು ಮೇಸ್ತ್ರಿ ಎಲ್ಲಿಂದಲೋ ಹುಡುಕಿ ತಂದ ಕಿರಿದಾದ, ಹಳೇ ಅಚ್ಚಿನ, ನೋಡಲು ಬಡಪಾಯಿಯಂಥ ಟೈರುಗಳು.

ದೊಡ್ಡಮ್ಮ ಅಗಲದ ಟೈರನ್ನು ಅಂಗೈಯಲ್ಲಿ ತಟ್ಟಿದಳು. "ಒಳ್ಳೇ ಮಾಲು. ಆದ್ರೆ ನಿನ್ನ ಗಾಡಿಗಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಸ್ಪ್ರಿಂಗ್ ಪಟ್ಟಾಗೆ ಉಜ್ಜುತ್ತೆ. ಕೆಸರಲ್ಲಿ ಇದು ಮೇಲೆ ತೇಲುತ್ತೆ. ಕಿರಿದಾದ್ದು ಕೆಸರು ಸೀಳ್ಕೊಂಡು ಗಟ್ಟಿ ನೆಲ ಮುಟ್ಟುತ್ತೆ." ಸಾಹುಕಾರನ ಟೈರಿನ ಪಕ್ಕೆಯ ಮೇಲೆ ಬೆರಳು ಓಡಿಸಿ ನಕ್ಕಳು. "ಯಾವ ವಾರ, ಯಾವ ವರ್ಷ ಹುಟ್ಟಿದ್ದು ಅಂತ ನಾಲ್ಕು ಅಂಕಿ ಇರ್ಬೇಕು. ಇದರಲ್ಲಿ ಇಲ್ಲ. ಹಾಗೆ ಬರೆಯೋ ಪದ್ಧತಿ ಬರೋಕೆ ಮೊದಲೇ ಹುಟ್ಟಿದ್ದು ಇದು. ಕಾಗದ ಹೊಸದು, ರಬ್ಬರು ನಮ್ಮ ಅಜ್ಜಿಮರಿಗಿಂತ ದೊಡ್ಡದು." ಕೊನೆಗೆ ಮೇಸ್ತ್ರಿಯ ಟೈರು ಒತ್ತಿ ನೋಡಿ, "ಇದು. ನಾಲ್ಕೂ ಒಂದೇ ಸುತ್ತಳತೆ ಇರ್ಬೇಕು, ನೆನಪಿರಲಿ. ಒಂದು ದೊಡ್ಡದು ಒಂದು ಚಿಕ್ಕದು ಆದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಇರೋ ಇಂಥ ಗಾಡೀಲಿ ಒಳಗಿನ ಗೇರುಗಳು ಜಗಳಕ್ಕೆ ಬೀಳ್ತವೆ," ಎಂದಿದ್ದಳು.

ತಮ್ಮ ನಗುತ್ತ, "ನಮ್ಮನೇಲಿ ಆಗಲೇ ಒಂದು ಜಗಳ ಇದೆ, ಸಾಕು," ಎಂದಿದ್ದ.

ಈಗ ಅವನು ಆಸ್ಪತ್ರೆಯಲ್ಲಿ. ದೊಡ್ಡಮ್ಮ ನಾಲ್ಕು ದಿನದಿಂದ ನಿದ್ದೆ ಮಾಡಿರಲಿಲ್ಲ. ನನಗೆ ಗೊತ್ತಿತ್ತು. ಅವಳು ಮೇಸ್ತ್ರಿಯ ಹೆಂಡತಿಯನ್ನು ಕೇಳಿದಳು, "ಜೀಪು ಆ ರಾತ್ರಿ ಎಲ್ಲಿತ್ತು?"

"ನಮ್ಮ ಶೆಡ್ಡಿನ ಮುಂದೆ, ಬೀದೀಲಿ. ಬೆಳಿಗ್ಗೆ ಆರೂಕಾಲಿಗೆ ತಮ್ಮ ಬಂದು ತಗೊಂಡೋದ. ಅದಕ್ಕೆ ಮುಂಚೆ ನಾನು ನೀರಿಗೆ ಎದ್ದಾಗ ಆ ಹಳೆಗಾಡಿ ಸಾಹುಕಾರ ಜೀಪಿನ ಸುತ್ತ ಸುತ್ತುತ್ತಿದ್ದ. ಫೋನಲ್ಲಿ ಫೋಟೋ ಹೊಡೀತಿದ್ದ."

"ಮೇಸ್ತ್ರಿ ನಟ್ಟು ಬಿಗಿ ಮಾಡೋದನ್ನ ನೀವು ನೋಡಿದ್ರಾ?"

"ನೋಡೋದೇನು, ಕೇಳಿಸ್ಕೊಂಡೆ. ಯಾವಾಗ್ಲೂ ಮಂತ್ರ ಹೇಳ್ದಂಗೆ ಗೊಣಗ್ತಾರಲ್ಲ, 'ಎಡಕ್ಕೆ ಎಡ, ಬಲಕ್ಕೆ ಬಲ' ಅಂತ. ಮದುವೆ ಆದಾಗಿಂದ ಕೇಳ್ತಿದೀನಿ. ಆಮೇಲೆ ಆ ಹಳದಿ ಬಣ್ಣದ ಡಬ್ಬಿ ತೆಗೆದ ವಾಸನೆ ಬಂತು."

ದೊಡ್ಡಮ್ಮ ಎದ್ದು ಚಪ್ಪಲಿ ಮೆಟ್ಟಿದಳು.

ಮೇಸ್ತ್ರಿಯ ಶೆಡ್ಡು ಒಂದೇ ಕೋಣೆ. ಗೋಡೆಯ ತುಂಬ ಮೊಳೆಗಳು, ಪ್ರತಿ ಮೊಳೆಯ ಕೆಳಗೂ ಅಲ್ಲಿ ನೇತಾಡುತ್ತಿದ್ದ ಸ್ಪ್ಯಾನರಿನ ಆಕಾರದ ಬಿಳಿ ಮಚ್ಚೆ. ಮಣ್ಣಿನ ನೆಲಕ್ಕೆ ವರ್ಷಾನುಗಟ್ಟಲೆ ಎಣ್ಣೆ ಕುಡಿದು ಕುಡಿದು ಕರಿಕಲ್ಲಿನ ಹೊಳಪು ಬಂದಿತ್ತು. ಮೂಲೆಯಲ್ಲಿ ಹಳೇ ಟ್ಯೂಬುಗಳ ರಾಶಿಯ ಮೇಲೆ ಮೇಸ್ತ್ರಿ ಕೂತಿದ್ದರು. ನಮ್ಮನ್ನು ನೋಡಿದರೂ ಏಳಲಿಲ್ಲ.

"ಮೇಸ್ತ್ರಿ, ಗೆರೆ ಎಳೆದ್ರಾ?" ಎಂದಷ್ಟೇ ಕೇಳಿದಳು ದೊಡ್ಡಮ್ಮ. ಡಿಪೋದಲ್ಲಿ ಇಬ್ಬರೂ ಒಟ್ಟಿಗೆ ಇದ್ದವರು. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ರಿಮ್ಮಿನವರೆಗೆ ಒಂದು ಹಳದಿ ಗೆರೆ ಎಳೆಯುವುದು ಅಲ್ಲಿನ ರೂಢಿ. ನಟ್ಟು ಜರುಗಿದರೆ ಗೆರೆ ತುಂಡಾಗಿ ತಾನೇ ಹೇಳುತ್ತದೆ.

"ಎಳೆದೆ ಅಂತ ಅನ್ನಿಸುತ್ತೆ. ಬಿಗಿ ಮಾಡಿದೆ ಅಂತಾನೂ ಅನ್ನಿಸುತ್ತೆ. ಆದ್ರೆ ಚಕ್ರ ಕಳಚಿ ಬಿತ್ತಲ್ಲ ಮೇಡಂ," ಎಂದರು ಮೇಸ್ತ್ರಿ. ಕೈಗಳನ್ನು ಎತ್ತಿ ತೋರಿಸಿದರು, ಎರಡೂ ನಡುಗುತ್ತಿದ್ದವು. "ಈ ಕೈ ಸುಳ್ಳು ಹೇಳೋಕೆ ಶುರುಮಾಡಿದೆ. ಆ ಹುಡುಗ ನನ್ನನ್ನ ನಂಬಿದ್ದ. ಇನ್ನೇನು ಉಳೀತು ಹೇಳಿ? ಸಹಿ ಹಾಕ್ಬಿಟ್ರೆ ನಿದ್ದೆಯಾದ್ರೂ ಬರುತ್ತೆ."

ದೊಡ್ಡಮ್ಮ ಸಮಾಧಾನ ಹೇಳಲಿಲ್ಲ. ಅವಳಿಗೆ ಅದು ಬರುವುದಿಲ್ಲ. "ನಾಳೆ ಹತ್ತರವರೆಗೆ ಕೈ ಮಡಚಿಟ್ಕೊಳ್ಳಿ," ಎಂದು ಹೊರಬಂದಳು. ಬೀದಿಯ ತಿರುವು ದಾಟುವವರೆಗೂ ನನಗೆ ಅವರ ಮುಖ ನೋಡಿದ ಸಂಕಟ ಹೋಗಲಿಲ್ಲ.

ಶೋರೂಮಿನಲ್ಲಿ ಎಲ್ಲವೂ ಹೊಳೆಯುತ್ತಿತ್ತು. ಗಾಳಿಯಂತ್ರ ಗರ್ರೆಂದರೆ ಸಾಕು, ಕೆಲಸದವರು ಕಣ್ಣು ಮಿಟುಕಿಸುವುದರೊಳಗೆ ಚಕ್ರ ಕಳಚಿ ಚಕ್ರ ಹಾಕುತ್ತಿದ್ದರು. ಅಣ್ಣ ಗಾಜಿನ ಕೋಣೆಯಲ್ಲಿದ್ದ. ಐದು ವರ್ಷದ ಹಿಂದೆ ಬಟ್ಟೆ ವ್ಯಾಪಾರ ಬಿಟ್ಟು ಈ ಅಂಗಡಿ ತೆರೆದವನು. ಇಸ್ತ್ರಿ ಕೆಡದ ಅಂಗಿ, ಕೆಂಪಾದ ಕಣ್ಣು.

"ಬಂದ್ರಾ ದೊಡ್ಡಮ್ಮ? ನೀವು ಆರಿಸಿಕೊಟ್ಟ ಟೈರು ನನ್ನ ತಮ್ಮನ್ನ ಎಲ್ಲಿಗೆ ತಂದು ನಿಲ್ಲಿಸ್ತು ನೋಡಿದ್ರಾ?"

"ಟೈರು ಕಳಚಿಲ್ಲಪ್ಪ, ಚಕ್ರ ಕಳಚಿದ್ದು."

"ಎರಡೂ ಒಂದೇ! ಆ ಮುದುಕನಿಗೆ ಕಣ್ಣಿಲ್ಲ, ಕೈಯಲ್ಲಿ ಶಕ್ತಿ ಇಲ್ಲ. ಎಡಗಡೆ ಎರಡು ಚಕ್ರಾನೂ ಸಡಿಲ ಬಿಟ್ಟಿದ್ದ. ಎರಡೂ! ಅವನನ್ನ ಒಳಗೆ ಹಾಕಿಸದೇ ನಾನು ಬಿಡಲ್ಲ." ಅವನು ಗಾಜಿನ ಗೋಡೆಯ ಕಡೆ ತಿರುಗಿದ. "ಎಂಟು ತಿಂಗಳು ಮಾತಾಡಿಲ್ಲ ನಾನು ಅವನ ಹತ್ರ. ಈಗ ಗಾಜಿನ ಆಚೆ ನಿಂತು ನೋಡ್ತೀನಿ, ಅಷ್ಟೇ."

ಕೆಲಸದವನೊಬ್ಬ ಚಹಾ ತಂದಿಟ್ಟ. ಅಣ್ಣ ಎಡಗೈಯಲ್ಲಿ ಲೋಟ ಹಿಡಿದು ಕುಡಿದ. ಬಲಗೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದ. ಹೊರಡುವಾಗ ಅವನು ಕಣ್ಣೊರೆಸಿಕೊಂಡಾಗ ಒಂದು ಕ್ಷಣ ಆ ಅಂಗೈ ಕಂಡಿತು. ಬೆರಳುಗಳ ಬುಡದಲ್ಲಿ ಸಾಲಾಗಿ ಒಡೆದ ಬೊಬ್ಬೆಗಳು. ಪಾಪ, ಆಸ್ಪತ್ರೆಯ ಕಿಟಕಿಯ ಸರಳನ್ನು ಎಷ್ಟು ಗಟ್ಟಿಯಾಗಿ ಹಿಡಿದು ನಿಂತಿದ್ದನೋ ಎಂದುಕೊಂಡೆ. ಹಾಗೆಂದು ಹೇಳಿದ್ದಕ್ಕೆ ದೊಡ್ಡಮ್ಮ, "ಅಜ್ಜಿಮರಿ, ಆಸ್ಪತ್ರೆ ಕಿಟಕಿಗೆ ಸರಳೇ ಇಲ್ಲ," ಎಂದಳು.

ಪೊಲೀಸ್ ಸ್ಟೇಷನ್ನಿನ ಹಿಂದಿನ ಅಂಗಳದಲ್ಲಿ ಜೀಪು ಟಾರ್ಪಾಲಿನ ಕೆಳಗಿತ್ತು. ನಮ್ಮ ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ, ಆದರೆ ಕೆಲಸ ಬೇಗ ಮುಗಿದರೆ ಸಾಕು ಎನ್ನುವವರು. "ನೋಡಿ ಅಮ್ಮ, ಆದ್ರೆ ನೋಡೋಕೇನಿದೆ? ಮುಂದಿನ ಎಡ ಚಕ್ರ ಕಳಚಿತ್ತು, ಕ್ರೇನಲ್ಲಿ ಎತ್ತಿ ತಂದ್ವಿ, ಮುಚ್ಚಿಟ್ವಿ. ಅದಾದ ಮೇಲೆ ಯಾರೂ ಮುಟ್ಟಿಲ್ಲ. ಬೀಗದ ಕೈ ನನ್ನ ಹತ್ರಾನೇ ಇದೆ."

ದೊಡ್ಡಮ್ಮ ಹಿಂದಿನ ಎಡ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಗಲಗಲ ಎಂದಿತು. ಐದೂ ಹಾಗೆಯೇ.

"ಅರೆ!" ಎಂದರು ಇನ್‌ಸ್ಪೆಕ್ಟರ್. "ಇದೂ ಸಡಿಲ! ಮುದುಕ ಎಡಗಡೆ ಪೂರ್ತಿ ಮರೆತಿದಾನೆ."

ಬಲಗಡೆಗೆ ಹೋದೆವು. ನಾವು ಗೋಣಿಚೀಲದಿಂದ ತಂದಿದ್ದ ಮೇಸ್ತ್ರಿಯ ಉದ್ದ ಸ್ಪ್ಯಾನರ್ ಹಾಕಿ ಇನ್‌ಸ್ಪೆಕ್ಟರೇ ನೇತುಬಿದ್ದರು. ನಟ್ಟು ಮಿಸುಕಲಿಲ್ಲ, ಅವರ ಟೋಪಿ ಬಿತ್ತು. ದೊಡ್ಡಮ್ಮ ನನ್ನನ್ನು ಹತ್ತಿರ ಕರೆದಳು. "ಗೆರೆ ನೋಡು. ಕಂಡದ್ದಷ್ಟೇ ಹೇಳು, ಕತೆ ಬೇಡ."

ನಾನು ನೋಡಿದೆ. ಬಲಗಡೆಯ ಹತ್ತೂ ನಟ್ಟಿನ ಮೇಲೆ ಹಳದಿ ಗೆರೆಯಿತ್ತು. ಆದರೆ ನಟ್ಟಿನ ಮೇಲಿನ ತುಂಡು, ರಿಮ್ಮಿನ ಮೇಲಿನ ತುಂಡು, ಎರಡೂ ಸೇರುತ್ತಿರಲಿಲ್ಲ. ನಟ್ಟು ಒಂದು ಅಕ್ಕಿಕಾಳಿನಷ್ಟು ಮುಂದಕ್ಕೆ ಹೋಗಿತ್ತು, ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಹಿಂದಿನ ಎಡ ಚಕ್ರದಲ್ಲೂ ಗೆರೆ ಇತ್ತು. ಅಲ್ಲಿ ತುಂಡುಗಳು ಒಂದೊಂದು ಒಂದೊಂದು ದಿಕ್ಕಿಗೆ ಅಲೆದಾಡಿದ್ದವು. ದೊಡ್ಡಮ್ಮ ಎಡಗಡೆಯ ಒಂದು ಬೋಲ್ಟಿನ ತುದಿಯ ಬಣ್ಣವನ್ನು ಉಗುರಿನಿಂದ ಕೆರೆದಳು. ಕೆಳಗೆ ಒಂದು ಪುಟ್ಟ ಅಕ್ಷರ ಕೊರೆದಿತ್ತು. ಬಲಗಡೆಯ ಬೋಲ್ಟು ಕೆರೆದಳು. ಅಲ್ಲಿ ಏನೂ ಇರಲಿಲ್ಲ.

ಅವಳ ಮುಖ ಬಿಳಿಚಿಕೊಂಡಿತು. ಕೇಸು ಬಿಡಿಸಿದಾಗ ಅವಳ ಕಣ್ಣು ಮಿಂಚುವುದು ನಾನು ನೋಡಿದ್ದೆ. ಈ ಸಲ ಅವಳು ಜೀಪಿನ ಮಡ್‌ಗಾರ್ಡ್ ಹಿಡಿದುಕೊಂಡಳು. "ನಾಳೆ ಒಂಬತ್ತಕ್ಕೆ ಎಲ್ಲರೂ ಮೇಸ್ತ್ರಿ ಶೆಡ್ಡಿಗೆ ಬರ್ಲಿ ಸಾರ್. ಈ ಹಿಂದಿನ ಎಡ ಚಕ್ರದ ವಿಷಯ ಅಲ್ಲೀವರೆಗೆ ಯಾರಿಗೂ ಹೇಳ್ಬೇಡಿ. ಆ ಹಳೆಗಾಡಿ ಸಾಹುಕಾರ ಫೋನ್ ತರ್ಲಿ," ಎಂದಳು.

ಮನೆಗೆ ನಡೆಯುವಾಗ ನಾನು ಕೇಳಿದೆ, "ಯಾರು ದೊಡ್ಡಮ್ಮ? ಸಾಹುಕಾರನಾ?"

"ನಿಮ್ಮಜ್ಜಿ ಕತೆಗಳಲ್ಲಿ ಕೇಡು ಮಾಡೋರನ್ನ ಹೇಗೆ ಗುರುತು ಹಿಡೀತಿದ್ರು?"

"ಅವರಿಗೆ ಉದ್ದ ಉಗುರು ಇರುತ್ತೆ. ನೆರಳು ಇರಲ್ಲ."

"ಇವತ್ತಿನವನಿಗೆ ನೆರಳೂ ಇದೆ, ಉಗುರೂ ಚಿಕ್ಕದು," ಎಂದು ಅವಳು ಬೇಗ ಬೇಗ ಮುಂದೆ ನಡೆದಳು. 

ಮರುದಿನ ಒಂಬತ್ತಕ್ಕೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರರ ಕೈಯಲ್ಲಿ ಮೇಸ್ತ್ರಿ ಸಹಿ ಹಾಕಬೇಕಿದ್ದ ಕಾಗದ ಸಿದ್ಧವಾಗಿತ್ತು. ಮೇಸ್ತ್ರಿ ಮಡಿಚಿಟ್ಟಿದ್ದ ಅಂಗಿ ಹಾಕಿಕೊಂಡಿದ್ದರು, ದೂರದ ಊರಿಗೆ ಹೊರಟವರ ಹಾಗೆ. ಅವರ ಹೆಂಡತಿ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಿದ್ದರು. ಅಣ್ಣ ಒಂದು ಕಡೆ, ಸಾಹುಕಾರ ಇನ್ನೊಂದು ಕಡೆ. ಟೈರಿನ ಮೇಲೆ ಕೂರಲು ಮನಸ್ಸಿಲ್ಲದೆ ಸಾಹುಕಾರ ನಿಂತೇ ಇದ್ದ.

"ಎಲ್ಲರೂ ಹೇಳ್ತಿರೋ ಕತೆ ಒಂದೇ," ಎಂದು ದೊಡ್ಡಮ್ಮ ಶುರುಮಾಡಿದಳು. "ಮೇಸ್ತ್ರಿ ಬಲಗಡೆ ಬಿಗಿ ಮಾಡಿದ್ರು, ಎಡಗಡೆ ಮರೆತ್ರು. ಆದ್ರೆ ಮೇಸ್ತ್ರಿ ಬಿಗಿ ಮಾಡಿದ ಮೇಲೇ ಗೆರೆ ಎಳೆಯೋದು. ಎಡಗಡೇನೂ ಗೆರೆ ಇದೆ."

"ಮರೆತು ಎಳೆದಿರಬಹುದು," ಎಂದ ಅಣ್ಣ.

"ಇರಬಹುದು. ಬಲಗಡೆ ಗೆರೆ ಮಾತ್ರ ಅದಕ್ಕೆ ಒಪ್ಪಲ್ಲ. ಅಲ್ಲಿ ಹತ್ತೂ ನಟ್ಟು, ಗೆರೆ ಎಳೆದ ಮೇಲೆ, ಅಕ್ಕಿಕಾಳಿನಷ್ಟು ಇನ್ನೂ ಬಿಗಿಯಾಗಿವೆ. ರಸ್ತೆ ಕುಲುಕಿದ್ರೆ ನಟ್ಟು ಸಡಿಲ ಆಗುತ್ತೆ, ತಾನಾಗೇ ಬಿಗಿ ಆಗಲ್ಲ. ಅಂದ್ರೆ ಮೇಸ್ತ್ರಿ ಆದ ಮೇಲೆ ಇನ್ನೊಂದು ಕೈ ಸ್ಪ್ಯಾನರ್ ಹಿಡಿದಿದೆ." ಅವಳು ಸಾಹುಕಾರನ ಕಡೆ ತಿರುಗಿದಳು. "ಆ ಬೆಳಿಗ್ಗೆ ನೀವು ಜೀಪಿನ ಹತ್ರ ಇದ್ರಿ."

ಸಾಹುಕಾರನ ಹಣೆ ಬೆವರಿತು. "ಫೋಟೋ ಹೊಡೆಯೋಕೆ ಅಷ್ಟೇ! ಹಳೇ ಟೈರು ಸಿಕ್ಕಿದೆ ಅಂತ ಗೊತ್ತಾಯ್ತು, ಎಂಥದ್ದು ನೋಡೋಣ ಅಂತ. ಹೊಟ್ಟೆಕಿಚ್ಚು ತಪ್ಪಾ ಮೇಡಂ?"

"ತಪ್ಪಲ್ಲ. ನಿಮ್ಮ ಹೊಟ್ಟೆಕಿಚ್ಚಿಂದಾನೇ ಒಬ್ಬರ ಜೀವ ಉಳೀತಿದೆ. ಫೋಟೋ ತೋರಿಸಿ."

ಫೋನು ಕೈಯಿಂದ ಕೈಗೆ ಬಂತು. ಬೆಳಿಗ್ಗೆ ಐದು ನಲವತ್ತು. ಎಡಗಡೆಯ ಎರಡೂ ಚಕ್ರ ಹತ್ತಿರದಿಂದ ಕಾಣುತ್ತಿದ್ದವು; ಹತ್ತು ನಟ್ಟು, ಹತ್ತು ನೇರ ಹಳದಿ ಗೆರೆ, ಒಂದೂ ತುಂಡಾಗಿರಲಿಲ್ಲ. ಮೇಸ್ತ್ರಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. 

"ಅಂದ್ರೆ ಐದು ನಲವತ್ತರಿಂದ ಆರೂಕಾಲಿನ ಒಳಗೆ," ಎಂದರು ಇನ್‌ಸ್ಪೆಕ್ಟರ್. "ಯಾರೋ ಬಂದು ಬಲಗಡೆ ಬಿಗಿ ಮಾಡಿ, ಎಡಗಡೆ ಸಡಿಲ ಮಾಡಿದ. ಹುಚ್ಚನಾ ಅವನು? ಕೊಲ್ಲೋಕೆ ಬಂದವನು ಬಲಗಡೆ ಯಾಕೆ ಬಿಗಿ ಮಾಡ್ತಾನೆ?"

"ಅದೇ ಸಾರ್, ಅವನು ಕೊಲ್ಲೋಕೆ ಬಂದಿರಲಿಲ್ಲ." ದೊಡ್ಡಮ್ಮ ಜೊತೆಗೆ ತಂದಿದ್ದ ಉದ್ದ ಸ್ಪ್ಯಾನರ್ ಎತ್ತಿಕೊಂಡಳು. "ಈಗಿನ ಗಾಡಿಗಳಲ್ಲಿ ಎಲ್ಲ ನಟ್ಟೂ ಬಲಕ್ಕೆ ತಿರುಗಿಸಿದ್ರೆ ಬಿಗಿ. ಆದ್ರೆ ನಮ್ಮ ಡಿಪೋದ ಹಳೇ ಬಸ್ಸುಗಳಲ್ಲಿ, ಇಂಥ ಹಳೇ ಜೀಪುಗಳಲ್ಲಿ, ಎಡಗಡೆ ಚಕ್ರದ ಬೋಲ್ಟಿಗೆ ಸುರುಳಿ ಉಲ್ಟಾ ಕೊರೆದಿರುತ್ತೆ. ಓಡೋವಾಗ ಚಕ್ರದ ತಿರುಗಾಟಕ್ಕೆ ನಟ್ಟು ಬಿಚ್ಕೋಬಾರದು ಅಂತ. ಅಲ್ಲಿ ಎಡಕ್ಕೆ ತಿರುಗಿಸಿದ್ರೆ ಬಿಗಿ, ಬಲಕ್ಕೆ ತಿರುಗಿಸಿದ್ರೆ ಸಡಿಲ. ಬೋಲ್ಟಿನ ತುದೀಲಿ ಒಂದು ಅಕ್ಷರ ಕೊರೆದು ಗುರುತು ಮಾಡಿರ್ತಾರೆ. ಈ ಜೀಪಲ್ಲಿ ಅದು ಬಣ್ಣದ ಕೆಳಗೆ ಮುಚ್ಚಿಹೋಗಿತ್ತು. ಮೇಸ್ತ್ರಿ ಅದಕ್ಕೇ ಗೊಣಗೋದು, ಎಡಕ್ಕೆ ಎಡ, ಬಲಕ್ಕೆ ಬಲ."

ಅವಳು ಸ್ಪ್ಯಾನರನ್ನು ಗಾಳಿಯಲ್ಲೇ ಬಲಕ್ಕೆ ಎಳೆದು ತೋರಿಸಿದಳು.

"ಒಬ್ಬ ಬಂದ. ಇಪ್ಪತ್ತೂ ನಟ್ಟಿಗೆ ಒಂದೊಂದು ಎಳೆತ ಕೊಟ್ಟ. ಇಪ್ಪತ್ತನ್ನೂ ಒಂದೇ ಕಡೆಗೆ, ಬಲಕ್ಕೆ. ಅವನ ಮನಸ್ಸಲ್ಲಿ ಇದ್ದಿದ್ದು ಒಂದೇ, ಇನ್ನೂ ಬಿಗಿಯಾಗಿರಲಿ ಅಂತ. ಮೇಸ್ತ್ರಿಗೆ ಈ ಸುರುಳಿ ಗೊತ್ತು. ಸಾಹುಕಾರರು ಇಂಥ ಗಾಡಿಗಳನ್ನ ತಾವೇ ಬಿಚ್ಚಿ ಜೋಡಿಸ್ತಾರೆ, ಅವರಿಗೂ ಗೊತ್ತು. ತಮ್ಮನಿಗೆ ಅಪ್ಪಾನೇ ಹೇಳಿಕೊಟ್ಟಿದ್ರು. ಗೊತ್ತಿಲ್ಲದೇ ಇರೋನು, ಹೊಸ ಗಾಡಿಗಳ ನಡುವೆ ಇರೋನು, ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲದೆ ಅಂಗೈ ಬೊಬ್ಬೆ ಎಬ್ಬಿಸಿಕೊಂಡೋನು ಒಬ್ಬನೇ." ಅವಳ ಧ್ವನಿ ತೀರ ಮೆತ್ತಗಾಯಿತು. "ನೋಡಪ್ಪ, ಎಡಗಡೆ ಎರಡು ಚಕ್ರಾನೂ ಸಡಿಲ ಇತ್ತು ಅಂತ ನೀನು ನಿನ್ನೆ ನನಗೆ ಹೇಳಿದೆ. ಆಗ ಹಿಂದಿನ ಚಕ್ರಾನ ಪೊಲೀಸರೂ ಮುಟ್ಟಿ ನೋಡಿರಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಅಣ್ಣ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. "ನನ್ನ ಕೈಗೆ ಗೊತ್ತಾಯ್ತು," ಎಂದ. "ಮುದುಕ ಟೈರ್ ಹಾಕಿದಾನೆ ಅಂತ ಕೇಳಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಬೆಳಕಾಗೋ ಮುಂಚೆ ಬಂದೆ. ಬಲಗಡೆ ಚೂರೇ ಚೂರು ಮಿಸುಕ್ತು. ಎಡಗಡೆ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದಾಗ ಕಟಕ್ ಅಂತ ತಿರುಗಿಬಿಡ್ತು. ನೋಡಿದ್ಯಾ, ಮುದುಕ ಸಡಿಲ ಬಿಟ್ಟಿದಾನೆ, ನಾನು ಬಂದಿದ್ದು ಒಳ್ಳೇದಾಯ್ತು ಅಂದ್ಕೊಂಡೆ. ಒಂದೊಂದಕ್ಕೆ ಒಂದೊಂದು ಎಳೆತ. ತಮ್ಮ ಬಂದ್ಬಿಟ್ರೆ ಅಂತ ಭಯ. ಅವನ ಕಣ್ಣಿಗೆ ಬೀಳಬಾರದಿತ್ತು. ಗುಜರಿ ಅಂದೋನು ನಾನೇ ಅಲ್ವಾ? ಅಲ್ಲಿ ಮಂಡಿಯೂರಿ ಕೂತಿರೋದನ್ನ ನೋಡಿದ್ರೆ ನಗ್ತಿದ್ದ." ಅವನು ದೊಡ್ಡಮ್ಮನ ಕೈ ಹಿಡಿದುಕೊಂಡ. "ಆದ್ರೆ ನಾನು ಬಿಗಿ ಮಾಡ್ದೆ ದೊಡ್ಡಮ್ಮ. ಇಪ್ಪತ್ತೂ ಬಿಗಿ ಮಾಡ್ದೆ."

"ಹತ್ತು ಬಿಗಿ ಮಾಡಿದೆ ಕಣಪ್ಪ," ಎಂದಳು ದೊಡ್ಡಮ್ಮ.

ಆಗ ಅವನಿಗೆ ಅರ್ಥವಾಯಿತು.  ಎಣ್ಣೆ ನೆಲದ ಮೇಲೆ ಇಸ್ತ್ರಿ ಬಟ್ಟೆಯಲ್ಲೇ ಕುಸಿದು, ಬಲ ಅಂಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ನೋಡುತ್ತ ಕೂತ. ನನಗೆ ಅಜ್ಜಿ ಹೇಳುತ್ತಿದ್ದ ತಿರುವುಮುರುವು ಊರಿನ ಕತೆ ನೆನಪಾಯಿತು. ಆ ಊರಿನಲ್ಲಿ ಬಾಗಿಲು ಹಾಕಿದರೆ ತೆರೆದುಕೊಳ್ಳುತ್ತದೆ. ಹುಲಿ ಬಂತೆಂದು ಅಲ್ಲಿಗೆ ಹೊಸದಾಗಿ ಬಂದ ತಾಯಿ ಓಡಿಹೋಗಿ ಬಾಗಿಲು ಹಾಕುತ್ತಾಳೆ. ಅಲ್ಲಿಂದ ಮುಂದೆ ಅಜ್ಜಿ ಯಾವತ್ತೂ ಹೇಳುತ್ತಿರಲಿಲ್ಲ, ಮಲಕ್ಕೋ ಎನ್ನುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಅಣ್ಣ ಇನ್‌ಸ್ಪೆಕ್ಟರರ ಕಡೆ ಕೈ ಚಾಚಿದ. "ಆ ಕಾಗದ ಕೊಡಿ ಸಾರ್. ಹೆಸರೊಂದು ತಿದ್ದಿ. ಉಳಿದದ್ದು ಹಾಗೇ ಇರಲಿ."

ಮೇಸ್ತ್ರಿ ಮೊದಲ ಸಲ ಎದ್ದು ನಿಂತರು. "ಹಾಗೇ ಇರೋದು ಬೇಡ," ಎಂದರು. "ಮರೆತೆ ಅಂತ ಅದರಲ್ಲಿದೆ. ನೀನು ಮರೆತಿಲ್ಲ. ಸಾರ್, ಅದನ್ನ ಹರಿದು ಹೊಸದು ಬರೀರಿ."

ಹನ್ನೊಂದು ದಿನ ಕಳೆದವು. ಕೋರ್ಟು ಏನು ಹೇಳುತ್ತದೋ ಆಮೇಲಿನ ಮಾತು, ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡು ಅಣ್ಣನನ್ನು ಮನೆಗೆ ಕಳಿಸಿದ್ದರು. ತಮ್ಮ ಇನ್ನೂ ಕಣ್ಣು ತೆರೆದಿರಲಿಲ್ಲ. ಒಂದು ಮಧ್ಯಾಹ್ನ ಅಣ್ಣ ನಮ್ಮ ಬಾಗಿಲಿಗೆ ಬಂದ. ಅರ್ಧ ಇಳಿದುಹೋಗಿದ್ದ. ಕೈಯಲ್ಲೊಂದು ಚೀಟಿ, ಅದರ ಮೇಲೆ ಟೈರಿನ ಅಳತೆ.

"ಮೂರು ಟೈರು ಚೆನ್ನಾಗಿವೆ. ಕಳಚಿದ್ದು ಮಾತ್ರ ಬಂಡೆಗೆ ಬಿದ್ದು ಪಕ್ಕೆ ಹರಿದಿದೆ. ಇದೇ ಅಚ್ಚಿಂದು, ಇದೇ ಸುತ್ತಳತೆದು ಒಂದು ಬೇಕು ದೊಡ್ಡಮ್ಮ. ಏಳು ಅಂಗಡಿ ನೋಡ್ದೆ."

"ನಿನ್ನ ಅಂಗಡೀಲಿ?"

"ನನ್ನ ಹತ್ರ ಅಗಲದ್ದು ಬಿಟ್ರೆ ಇಲ್ಲ. ಅದು ಪಟ್ಟಾಗೆ ಉಜ್ಜುತ್ತೆ," ಎಂದ. ಚೀಟಿ ಮಡಚುತ್ತ, "ಡಾಕ್ಟರು ಅವನ ಹತ್ರ ಮಾತಾಡ್ತಾ ಇರಿ ಅಂತಾರೆ. ಎಂಟು ತಿಂಗಳು ಮಾತಿಲ್ಲದೇ ಇದ್ದೋನು ಏನು ಮಾತಾಡ್ಲಿ? ಅದಕ್ಕೇ ಟೈರ್ ಹುಡುಕಿದ್ದನ್ನ ಹೇಳ್ತೀನಿ. ದಿನಾ ಒಂದು ಅಂಗಡಿ," ಎಂದ.

ದೊಡ್ಡಮ್ಮ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸೀರೆ ಬದಲಿಸಿದಳು. ಆಮೇಲೆ ಮೂವರೂ ಹೊರಟೆವು. ಹದಿಮೂರನೆಯ ಅಂಗಡಿಯ ಅಟ್ಟದ ಮೇಲೆ ಅದು ಸಿಕ್ಕಿತು, ಕಿರಿದಾದ, ಬಡಪಾಯಿ ಟೈರು. ಅಣ್ಣ ಮೊದಲು ನಾಲ್ಕು ಅಂಕಿ ಹುಡುಕಿದ. ಆಮೇಲೆ ಪಕ್ಕೆಗೆ ಉಗುರು ಒತ್ತಿ, ಬಿರುಕು ಬಿಡುತ್ತದೆಯೋ ಎಂದು ಉಸಿರು ಹಿಡಿದು ನೋಡಿದ. ಬಿಡಲಿಲ್ಲ. ದಾರ ಸುತ್ತಿ ಸುತ್ತಳತೆಯನ್ನೂ ಅಳೆದ.

ಜೀಪನ್ನು ಸ್ಟೇಷನ್ನಿನಿಂದ ಶೆಡ್ಡಿನ ಮುಂದೆ ಎಳೆದು ತಂದಿದ್ದರು. ಮೇಸ್ತ್ರಿಯ ಹೆಂಡತಿ ಗೋಣಿಚೀಲವನ್ನು ನಮ್ಮಿಂದ ವಾಪಸ್ ಇಸಿದುಕೊಂಡು, ಸ್ಪ್ಯಾನರುಗಳನ್ನು ಅವುಗಳ ಬಿಳಿ ಮಚ್ಚೆಗಳ ಮೇಲೆ ತೂಗುಹಾಕಿದ್ದರು. ಮೇಸ್ತ್ರಿ ಟ್ಯೂಬು ಹಾಕಿ, ಗಾಳಿ ತುಂಬಿ, ಚಕ್ರವನ್ನು ಮುಂದಿನ ಎಡಗಡೆಗೆ ಏರಿಸಿದರು. ಐದು ನಟ್ಟು ಕೈಯಲ್ಲೇ ಕೂರಿಸಿದರು. ಆಮೇಲೆ ಸ್ಪ್ಯಾನರನ್ನು ಅಣ್ಣನ ಕಡೆ ಚಾಚಿದರು.

"ನಾನು ಬೇಡ," ಎಂದ ಅಣ್ಣ.

"ನನ್ನ ಕೈ ನಡುಗುತ್ತಪ್ಪ. ಹಿಡ್ಕೋ."

ಅಣ್ಣ ಮಂಡಿಯೂರಿದ. ಸ್ಪ್ಯಾನರ್ ನಟ್ಟಿಗೆ ಕೂರಿಸಿದ ಕೂಡಲೇ ಅವನ ಕೈ ತಾನಾಗಿಯೇ ಬಲಕ್ಕೆ ವಾಲಿತು. ನಿಂತಿತು. ಅವನ ಬೆನ್ನು ಏರಿಳಿಯುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಮೇಸ್ತ್ರಿ ಪಕ್ಕದಲ್ಲಿ ಕೂತು, ಮಗುವಿಗೆ ಲೆಕ್ಕ ಹೇಳಿಕೊಡುವಂತೆ, "ಎಡಕ್ಕೆ ಎಡ," ಎಂದರು.

ಅವನು ಎಡಕ್ಕೆ ಎಳೆದ. ಐದೂ ಬಿಗಿಯಾದವು. ಹಳದಿ ಡಬ್ಬಿ ತೆರೆದು ಮೇಸ್ತ್ರಿ ಐದು ಗೆರೆ ಎಳೆದರು. ಕೈ ನಡುಗುತ್ತಿತ್ತು, ಗೆರೆ ನಡುಗಲಿಲ್ಲ. ಬಣ್ಣ ಒಣಗುವವರೆಗೆ ನಾವೆಲ್ಲ ಅದನ್ನೇ ನೋಡುತ್ತ ನಿಂತೆವು.

ಅಣ್ಣ ಎದ್ದು ಕೈ ಒರೆಸಿಕೊಂಡ. "ಆಸ್ಪತ್ರೇಲಿ ಒಳಗೆ ಬಿಡೋ ಹೊತ್ತಾಯ್ತು," ಎಂದ. "ನಾಲ್ಕನೇದು ಸಿಕ್ತು ಅಂತ ಹೇಳ್ಬೇಕು."